ಕೂಡಿಸಿದ ಗೆರೆ

ಆ ಓಣಿಗೆ ಕಾಲಿಡದೆಯೂ ಅವನು ಬಸ್‌ಸ್ಟ್ಯಾಂಡಿನ ಕಡೆ ಹೋಗಬಹುದಿತ್ತು. ಶಾಲೆಯ ಕಂಪೌಂಡು ಹಿಡಿದು ಎಡಕ್ಕೆ ಹೊರಳಿದರೆ ದಾರಿ ಕೊಂಚ ಬಳಸಾದೀತು, ಅಷ್ಟೇ. ನಿನ್ನೆ ಹಾಗೆಯೇ ಹೋಗಿದ್ದ. ಇವತ್ತೂ ಹಾಗೆಯೇ ಹೋಗುವುದೆಂದು ಮನೆಯಲ್ಲಿ ಮಫ್ಲರು ಸುತ್ತಿಕೊಳ್ಳುವಾಗಲೇ ತೀರ್ಮಾನಿಸಿದ್ದ ಮೃತ್ಯುಂಜಯ, ಹೊರಳುವ ಜಾಗಕ್ಕೆ ಬಂದವನು ಕಂಪೌಂಡಿನ ಗೋಡೆಯ ಹುಲಿಯನ್ನು ನೋಡುತ್ತ ನಿಂತುಬಿಟ್ಟ. ಯಾರೋ ಪೇಂಟರು ಬರೆದ ಕಾಡಿನ ಚಿತ್ರ: ಒಂದು ಜಲಪಾತ, ನೀರು ಕುಡಿಯುವ ಜಿಂಕೆ, ಅದರ ಹಿಂದೆ ಹುಲಿ. ಬರೆದವನಿಗೆ ಹುಲಿಯ ಮೈ ಒಲಿದಿತ್ತು, ಮುಖ ಒಲಿದಿರಲಿಲ್ಲ. ಕಣ್ಣು ಮನುಷ್ಯರ ಕಣ್ಣಿನ ಹಾಗಿದ್ದವು. ಅದು ಜಿಂಕೆಯ ಕಡೆ ನೋಡುತ್ತಲೂ ಇರಲಿಲ್ಲ. ರಸ್ತೆಯಲ್ಲಿ ಹೋಗುವವರನ್ನು, ಇವರ ಗುರುತು ಎಲ್ಲೋ ಇದೆಯಲ್ಲ ಎಂಬಂತೆ, ದಿಟ್ಟಿಸುತ್ತಿತ್ತು. ಇಷ್ಟು ದಿನ ಅವನಿಗೆ ಈ ಹುಲಿಯೆಂದರೆ ಅಕ್ಕರೆ. ಒಳ್ಳೆಯ ಚಿತ್ರಗಾರನಾಗಿದ್ದರೆ ಸಾಧಾರಣ ಹುಲಿಯೊಂದು ಬರುತ್ತಿತ್ತು, ಕೈ ಸೋತದ್ದರಿಂದ ಇಂಥದೊಂದು ಬಂದಿದೆ ಎಂದು ಸಂತೋಷಪಡುತ್ತಿದ್ದ. ಇವತ್ತು ಮಂಜಿನಲ್ಲಿ ಜಲಪಾತ, ಜಿಂಕೆ ಎಲ್ಲ ಅಳಿಸಿಹೋಗಿ ಆ ಎರಡು ಕಣ್ಣುಗಳಷ್ಟೇ ಉಳಿದಿದ್ದವು. ಅವನು ಮಫ್ಲರನ್ನು ಸಡಿಲಿಸಿ ಮತ್ತೆ ಬಿಗಿಮಾಡಿಕೊಂಡು, ಎಡಕ್ಕೆ ಹೊರಳದೆ, ನೆಟ್ಟಗೆ ನಡೆದ.

ಮೈಯಲ್ಲಿ ಸಕ್ಕರೆ ಸೇರಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಅವನಿಗೆ ಅದೊಂದು ಶಿಕ್ಷೆಯಂತೆ ಕಂಡಿತ್ತು. ಕಾಲೇಜಿನಲ್ಲಿ ಫಿಜಿಕ್ಸ್ ಹೇಳಿಕೊಡುತ್ತ ಇಷ್ಟು ವರ್ಷ ಹಾನಗಲ್ಲಿನಲ್ಲಿ ಇದ್ದವನು, ಊರನ್ನು ಸ್ಕೂಟರಿನ ಮೇಲಿಂದ ಬಿಟ್ಟರೆ ಬೇರೆ ಎಲ್ಲಿಂದಲೂ ನೋಡಿರಲಿಲ್ಲ. ನಡೆಯತೊಡಗಿದ ಮೇಲೆ ಊರು ತಾನಾಗಿ ಬಿಚ್ಚಿಕೊಂಡಿತು. ಡಾಂಬರಿನ ಮೇಲೆ ಹರವಿದ ಭತ್ತವನ್ನು ಹೆಂಗಸೊಬ್ಬಳು ಕಾಲಿನಿಂದ ಸೀಳುತ್ತ ಹೋದರೆ ಹಿಂದೆ ಮೂಡುವ ಸಾಲುಗಳು ನೀರಿನ ತೆರೆಯ ಹಾಗೆ ಒಂದರ ಬೆನ್ನಿಗೊಂದು ಬಾಗುತ್ತಿದ್ದವು. ಕ್ಷೌರದಂಗಡಿಯ ಶಟರಿನ ಮೇಲೆ ಬರೆದ ಚೆಲುವನ ಮುಖವನ್ನು ದಿನಾ ಎತ್ತಿ ಇಳಿಸಿ, ಮೂಗಿನ ಹತ್ತಿರ ಬಣ್ಣ ಕಿತ್ತು, ಚೆಲುವನಿಗೆ ನೆಗಡಿ ಹಿಡಿದಂತಾಗಿತ್ತು. ಹಳೆಯ ಗೋಡೆಯೊಂದರಲ್ಲಿ ಸುಣ್ಣದ ಪದರು ಪದರಾಗಿ ಹಿಂದಿನ ಚುನಾವಣೆಗಳ ಗುರುತುಗಳು ಒಂದರೊಳಗಿಂದ ಒಂದು ಇಣುಕುತ್ತಿದ್ದವು. ಟ್ರ್ಯಾಕ್ಟರಿನ ಟ್ರೇಲರಿನ ಹಿಂದೆ, ದೀಪಾವಳಿಯಲ್ಲಿ ಓಡಿ ಹೆಸರು ಮಾಡಿದ ಹೋರಿಯ ಚಿತ್ರ; ಕೊರಳ ತುಂಬ ಕೊಬ್ಬರಿ ಸರ. ಇದನ್ನೆಲ್ಲ ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಮಲ್ಲಿಕಾಳಿಗೂ ಹೇಳಲಿಲ್ಲ. ಹೇಳಿದರೆ ಅವಳು ಹೂಂ ಎನ್ನುತ್ತಿದ್ದಳು, ಆ ಹೂಂ ಅವನಿಗೆ ಗೊತ್ತಿತ್ತು. ಹೇಳದೆ ಇಟ್ಟುಕೊಳ್ಳುವುದರಲ್ಲಿ ಕದ್ದದ್ದನ್ನು ಕೂಡಿಟ್ಟುಕೊಳ್ಳುವವನ ಸುಖವಿತ್ತು. ಅಷ್ಟೂ ಗಂಟಿನಲ್ಲಿ ಬೆಲೆಯುಳ್ಳದ್ದು ಯಾವುದೆಂದು ಕೇಳಿದ್ದರೆ, ದಲಾಲಿ ಅಂಗಡಿಯ ಫಕ್ಕೀರಪ್ಪನ ಮನೆಯ ಬಾಗಿಲಿನ ರಂಗೋಲಿ ಎಂದು ತಡವರಿಸದೆ ಹೇಳುತ್ತಿದ್ದ.

ಚುಕ್ಕಿಯ ರಂಗೋಲಿ. ನಡುವಿನ ಸಾಲಿಗೆ ಹದಿಮೂರು ಚುಕ್ಕಿ, ಆಚೀಚೆ ಒಂದೊಂದೇ ಕಡಿಮೆಯಾಗುತ್ತ ಏಳಕ್ಕೆ ಬಂದು ನಿಲ್ಲುತ್ತಿತ್ತು. ಗೆರೆ ಚುಕ್ಕಿಗಳನ್ನು ಮುಟ್ಟುತ್ತಿರಲಿಲ್ಲ, ಅವುಗಳ ಸುತ್ತ ಬಳಸಿ ಹೋಗುತ್ತಿತ್ತು. ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರುತ್ತಿತ್ತು. ಇಡೀ ರಂಗೋಲಿಗೆ ಒಂದೇ ಗೆರೆ. ಓಣಿಯಲ್ಲಿ ನಿಂತು ಅವನು ಕಣ್ಣಿನಿಂದ ಆ ಗೆರೆಯ ಮೇಲೆ ನಡೆದು ಬರುತ್ತಿದ್ದ, ಸುತ್ತು ಮುಗಿಯುವ ಹೊತ್ತಿಗೆ ಎದೆಯೊಳಗೆ ಏನೋ ಹದಕ್ಕೆ ಬರುತ್ತಿತ್ತು. ಹಾಕುವವಳು ಆ ಮನೆಯ ಸೊಸೆ ಇರಬೇಕೆಂದು ಊಹಿಸಿದ್ದ. ಒಮ್ಮೆಯೂ ಮುಖ ನೋಡಿರಲಿಲ್ಲ. ಆದರೆ ಈಚೆಗೆ, ಭತ್ತದ ಸುಗ್ಗಿ ಸುರುವಾದಾಗಿನಿಂದ, ಗೆರೆ ಎಲ್ಲೋ ಒಂದು ಕಡೆ ಕೂಡದೆ ನಿಲ್ಲತೊಡಗಿತ್ತು. ಒಂದು ಬೆರಳಿನಷ್ಟು ಖಾಲಿ. ಇವತ್ತು ಈ ಮೂಲೆಯಲ್ಲಿ, ನಾಳೆ ಇನ್ನೊಂದು ಮೂಲೆಯಲ್ಲಿ. ಅಷ್ಟೊಂದು ಬಲ್ಲ ಕೈ ಕಡೆಯ ಹೆಜ್ಜೆಯಲ್ಲಿ ಎಡವುವುದು ಅವನಿಗೆ ಸಹಿಸಲಾಗದೆ ಹೋಯಿತು. ಜಾಣ ಹುಡುಗನೊಬ್ಬ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ ಉತ್ತರಕ್ಕೆ ಯೂನಿಟ್ಟು ಬರೆಯದೆ ಬಿಟ್ಟಾಗ ಆಗುವಂಥ ಕಸಿವಿಸಿ. ದಿನವಿಡೀ ಅದು ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಮೊನ್ನೆ ಮಂಜು ದಟ್ಟವಾಗಿತ್ತು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಂಚಿನಲ್ಲಿ ಚೆಲ್ಲಿದ್ದ ಪುಡಿಯನ್ನು ಚಿವುಟಿ ತೆಗೆದು, ಎಡಗೈಯನ್ನು ಮೊಣಕಾಲಿಗೆ ಊರಿ ಬಗ್ಗಿ, ಅವನು ಆ ಖಾಲಿಯನ್ನು ಕೂಡಿಸಿದ. ಎಷ್ಟು ಚೆನ್ನಾಗಿ ಕೂಡಿತು ಎಂದರೆ, ಎದ್ದು ನಿಂತು ನೋಡಿದಾಗ ಅವನಿಗೇ ಹೆಮ್ಮೆ. ಹತ್ತು ಹೆಜ್ಜೆ ನಡೆದ ಮೇಲೆ ಬೆರಳಿಗಂಟಿದ ಬಿಳಿ ಕಂಡಿತು. ಪ್ಯಾಂಟಿಗೆ ಒರೆಸಿಕೊಂಡ. ಯಾವುದೋ ಮನೆಯ ಹೆಣ್ಣಿನ ಸೆರಗು ಮುಟ್ಟಿಬಂದವನ ಹಾಗೆ ಕಿವಿ ಬಿಸಿಯಾಗಿ, ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದ. "ಯಾಕ್ರೀ, ಏನ ಮುಟ್ಟಿ ಬಂದೀರಿ?" ಎಂದಿದ್ದಳು ಮಲ್ಲಿಕಾ. ಚಾಕ್‌ಪೀಸು ಎಂದಿದ್ದ.

ಓಣಿಯ ಬಾಯಲ್ಲಿ ದಾನವ್ವ ಮೊಸರಿನ ಗಡಿಗೆ ಕೆಳಗಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ದಿನಾ ಇಷ್ಟು ಹೊತ್ತಿಗೆ ಅವಳು ಓಣಿಯ ಆ ತುದಿಗೆ ಹೋಗಿ, ಗಡಿಗೆ ಅರ್ಧ ಖಾಲಿ ಮಾಡಿ ಹೊಳ್ಳಿ ಬರುವವಳು.

"ಯಾಕ ದಾನವ್ವಾ, ಇಲ್ಲೇ ಕುಂತಿ?"

"ಒಳಗ ಬರಬ್ಯಾಡ ಅಂದಾರ್ರಿ ಸರ. ನನ್ನ ಕಾಲಗುಣ ಚಲೋ ಇಲ್ಲಂತ." ಅವಳು ನಕ್ಕಳು, ಮತ್ತೆ ನಗೆ ನಿಲ್ಲಿಸಿದಳು. "ಮುಂಜಾನೆ ಮದಲ ಈ ಓಣ್ಯಾಗ ಅಡ್ಡಾಡಾಕಿ ನಾನ ಹೌದಲ್ರಿ? ಮತ್ತ ಕೆಟ್ಟದ್ದಾದ್ರ ನಾನ ಮಾಡಿರಬೇಕು. ಮೂವತ್ತ ವರ್ಷ ಇವರ ಮಕ್ಕಳಿಗೆ ನನ್ನ ಮೊಸರ ಉಣಿಸಿ ದೊಡ್ಡಾವ್ರನ ಮಾಡ್ಯಾರ, ಈಗ ಅದ ಮೊಸರ ವಿಷಾ ಆತು."

"ಏನಾಗೇತಿ?"

"ನಿಮಗ ಗೊತ್ತಿಲ್ಲೇನ್ರಿ? ಊರಿಗೆಲ್ಲ ಗೊತ್ತೈತಿ."

ಗೊತ್ತಿಲ್ಲ ಎಂದು ಅವನು ತಲೆಯಾಡಿಸಿದ, ಅದು ನಿಜವೂ ಆಗಿತ್ತು. ಆದರೆ ಗೊತ್ತಿಲ್ಲದವನು ಹೀಗೆ ಬೆರಳನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಳ್ಳುವುದಿಲ್ಲ. ಓಣಿಯೊಳಗೆ ಇಣುಕಿದ. ಎಲ್ಲ ಮನೆಗಳ ಮುಂದೆಯೂ ಸಗಣಿ ನೀರು ಚಿಮುಕಿಸಿ ರಂಗೋಲಿ ಎಳೆದಿತ್ತು. ಫಕ್ಕೀರಪ್ಪನ ಮನೆಯ ಮುಂದೆ ನೆಲ ಒಣಗಿ, ನಡುವೆ ಒಂದು ದೊಡ್ಡ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿತ್ತು. ಬುಟ್ಟಿಯ ಮೇಲೆ ಒಂದು ಕಲ್ಲು. ಮುಂಬಾಗಿಲು ಮುಚ್ಚಿತ್ತು. ಕೋಳಿಮರಿಗಳನ್ನು ಹಾಗೆ ಮುಚ್ಚಿಡುತ್ತಾರೆ ಎಂದುಕೊಳ್ಳಲು ಪ್ರಯತ್ನಿಸಿದ.

ಉಸ್ಮಾನಸಾಬನ ಚಹಾದಂಗಡಿ ಅಲ್ಲೇ ಮೂಲೆಯಲ್ಲಿತ್ತು. ಒಳಗೆ ಹೋಗದೆ ದಾಟಿಹೋಗುವುದು ಎಂದುಕೊಂಡವನನ್ನು ಉಸ್ಮಾನಸಾಬನೇ ಕರೆದ.

"ಬರ್ರಿ ಸರ್, ಬರ್ರಿ. ನಿನ್ನಿ ದರ್ಶನನ ಇಲ್ಲ. ಸಕ್ರಿ ಏರತೋ ಇಳೀತೋ?"

"ಇದ್ದಷ್ಟ ಐತಿ. ಚಾಕ್ಕ ಕಡಿಮಿ ಹಾಕಪಾ."

"ಹಾಕೂದ ಇಲ್ಲ ಬಿಡ್ರಿ. ನಿಮ್ಮ ಕಪ್ಪಿಗೆ ಸಕ್ರಿ ಡಬ್ಬಿ ತೋರಿಸಿ ಒಳಗ ಇಡ್ತೇನಿ."

ಬೆಂಚಿನ ಮೇಲೆ ರಿಟೈರಾದ ಕಂಡಕ್ಟರ್ ಕನಕಪ್ಪ ಕಾಲು ಮಡಚಿ ಕೂತಿದ್ದ. "ಸರ್, ನಿಮ್ಮ ಸೈನ್ಸಿನ್ಯಾಗ ಇದಕ್ಕೇನಂತಾರ ಹೇಳ್ರಿ," ಎಂದ. "ಫಕ್ಕೀರಪ್ಪನ ಬಾಗಲಾಗ ಮಾಟಾ ಮಾಡ್ಯಾರ. ಸೊಸಿ ಹಾಕಿದ ರಂಗೋಲಿಗೆ ಯಾರೋ ಕೈ ಹಾಕ್ಯಾರ. ನಿಂಬಿಹಣ್ಣಿಲ್ಲ, ಕುಂಕುಮಿಲ್ಲ, ಕೂದಲಿಲ್ಲ. ಬರೇ ಒಂದ ಗೆರಿ. ಇದು ಭಾಳ ಕಲತವನ ಕೆಲಸ ನೋಡ್ರಿ."

"ಕಲತಾವ್ರು ಇಂಥಾದ್ದ ಮಾಡ್ತಾರೇನೋ ಕನಕಪ್ಪಾ?" ಎಂದ ಉಸ್ಮಾನಸಾಬ.

"ಕಲೀದಾವ್ರು ನಿಂಬಿಹಣ್ಣಿಗೆ ಖರ್ಚ ಮಾಡ್ತಾರ. ಕಲತಾವ್ರು ಪುಕ್ಕಟೆ ಮಾಡ್ತಾರ."

ಇಬ್ಬರೂ ನಕ್ಕರು. ಮೃತ್ಯುಂಜಯನೂ ನಕ್ಕ, ನಕ್ಕದ್ದು ಒಂದು ಕ್ಷಣ ಹೆಚ್ಚಾಯಿತೆನ್ನಿಸಿತು. ಎದುರಿನ ಗೊಬ್ಬರದಂಗಡಿಯ ಕ್ಯಾಮೆರಾದಲ್ಲಿ ಬಿದ್ದಿದೆಯಂತೆ ಎಂದು ಕನಕಪ್ಪ ಮುಂದುವರಿಸಿದ. ಮಂಜಿನಲ್ಲಿ ಮುಖ ಕಾಣುವುದಿಲ್ಲವಂತೆ, ನೆಲವೂ ಕಾಣುವುದಿಲ್ಲವಂತೆ. ಕರೀ ನೆರಳೊಂದು ಬಗ್ಗುತ್ತದೆ, ಏಳುತ್ತದೆ, ಹೋಗುತ್ತದೆ. ತಲೆಗೆ ಏನೋ ಸುತ್ತಿಕೊಂಡಿದೆಯಂತೆ. ಮೃತ್ಯುಂಜಯನಿಗೆ ಕೊರಳಿನ ಸುತ್ತ ಉಣ್ಣೆ ಚುಚ್ಚತೊಡಗಿತು. ಈಗ ಬಿಚ್ಚಿದರೆ ಬಿಚ್ಚಿದ್ದು ಕಾಣುತ್ತದೆ. ಬಿಚ್ಚದಿದ್ದರೆ ಸುತ್ತಿಕೊಂಡದ್ದು ಕಾಣುತ್ತದೆ. ಚಹಾ ನಾಲಿಗೆ ಸುಟ್ಟಿತು. ಏನು ಮಹಾ ಆಗಿದೆ, ಒಂದು ಗೆರೆ, ನಾಳೆ ಗುಡಿಸಿ ಹೊಸದು ಹಾಕುತ್ತಾರೆ, ಎರಡು ದಿನ ಮಾತಾಡಿ ಮೂರನೆಯ ದಿನ ಜನ ಮರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಫಕ್ಕೀರಪ್ಪ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು, ಅಂಥ ಚಳಿಯಲ್ಲಿ.

"ಸರ್, ನೀವ ಸಿಕ್ಕದ್ದು ದೇವ್ರ ಸಿಕ್ಕಾಂಗಾತು. ಒಂಚೂರ ಮನೀತನ ಬರ್ರಿ. ನಮ್ಮ ಹೆಂಗಸ್ರು ನನ್ನ ಮಾತ ಕೇಳವಲ್ರು. ಇದೆಲ್ಲಾ ಸುಳ್ಳು, ಹಂಗೆಲ್ಲಾ ಏನೂ ಇರಂಗಿಲ್ಲ ಅಂತ ನಿಮ್ಮಂಥಾವ್ರು ಒಂದ ಮಾತ ತಿಳಿಸಿ ಹೇಳ್ರಿ. ನೀವು ಹೇಳಿದ್ರ ಕೇಳ್ತಾರ."

ಅವರು ಹಿತ್ತಲ ಬಾಗಿಲಿನಿಂದ ಹೋಗಬೇಕಾಯಿತು. ಮೊನ್ನೆಯಿಂದ ಆ ಮನೆಯವರು ಮುಂಬಾಗಿಲು ದಾಟಿರಲಿಲ್ಲ. ದನದ ಕೊಟ್ಟಿಗೆ ದಾಟುವಾಗ ಮೃತ್ಯುಂಜಯನ ಬೂಟು ಸಗಣಿಯಲ್ಲಿ ಇಳಿಯಿತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಒರಳಿನ ಪಕ್ಕ ಇಟ್ಟ. ನಡುಮನೆಯಲ್ಲಿ ಹಗಲೇ ದೀಪ ಹಚ್ಚಿತ್ತು. ಫಕ್ಕೀರಪ್ಪನ ಹೆಂಡತಿ ಸರೋಜವ್ವ ಎದ್ದು ಸೆರಗು ಸರಿಮಾಡಿಕೊಂಡು, "ಕುಂದರ್ರಿ ಸರ್," ಎಂದಳು. ಗೋಡೆಗೆ ದಿಂಬು ಇಟ್ಟು ಸೊಸೆಯನ್ನು ಕೂರಿಸಿದ್ದರು. ಭಾಗ್ಯಶ್ರೀ. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ತುಂಬಿದ ಬಸುರಿ. ಅವಳ ಬಲಗೈ ಹೊಟ್ಟೆಯ ಮೇಲಿತ್ತು. ತೋರುಬೆರಳು ಮತ್ತು ಹೆಬ್ಬೆರಳ ತುದಿ ಪುಡಿ ಹಿಡಿದು ಹಿಡಿದು ಬೆಳ್ಳಗೆ ಒರಟಾಗಿದ್ದವು. ಇಷ್ಟು ತಿಂಗಳು ಕಣ್ಣಿನಿಂದ ಹಿಂಬಾಲಿಸಿದ ಗೆರೆ ಆ ಬೆರಳಿಂದ ಹೊರಟದ್ದು ಎಂದು ಹೊಳೆದು ಅವನು ಕಣ್ಣು ತೆಗೆದ.

"ಇಕೀ ತವರು ಯಲವಿಗಿ," ಎಂದಳು ಸರೋಜವ್ವ. "ಇವರ ಮನಿತನದಾಗ ಒಂದ ಪದ್ಧತಿ ಐತ್ರಿ. ಏಳ ತಿಂಗಳ ತುಂಬಿದ ಬಸುರಿ ರಂಗೋಲಿ ಹಾಕಿದ್ರ ಪೂರಾ ಮುಚ್ಚಬಾರದು. ಒಂದ ಕಡೆ ಬಾಗಲಾ ಬಿಡಬೇಕು, ಕೂಸು ಸಲೀಸ ಹೊರಗ ಬರಾಕ. ಹಡದಾದ ಮ್ಯಾಲೆ ಹಡದಾಕೀನ ಮುಚ್ಚಬೇಕು. ನಮ್ಮಲ್ಲೆ ಇಲ್ಲ ಅದು, ಇರ್ಲಿ, ನಮಗೇನು, ಬಿಡಲಿ ಬಿಡ ಅಂದ್ವಿ. ಮೊನ್ನಿ ಬೆಳಗಾಗೂದ್ರಾಗ ಯಾರೋ ಪಾಪಿಗೋಳು ಮುಚ್ಚಿ ಹೋಗ್ಯಾರ."

ಬೆರಳಿನಷ್ಟು ಖಾಲಿ. ಇವತ್ತು ಈ ಮೂಲೆ, ನಾಳೆ ಆ ಮೂಲೆ. ಅದು ಎಡವಿದ್ದಲ್ಲ. ನಂಬಿಕೆ, ಕಾರಣ, ಪರಿಣಾಮ, ಇವುಗಳ ಮೇಲೆ ಮೃತ್ಯುಂಜಯ ಪ್ರತಿ ವರ್ಷ ಹೊಸ ಹುಡುಗರಿಗೆ ಒಂದು ಭಾಷಣ ಮಾಡುತ್ತಿದ್ದ. ಅದರ ಮೊದಲ ವಾಕ್ಯ ಬಾಯಿಗೆ ಬಂತು. "ನೋಡ್ರಿ ಅಕ್ಕಾರ, ನೆಲದ ಮ್ಯಾಲಿನ ಪುಡಿಗೂ ಹೊಟ್ಟ್ಯಾಗಿನ ಕೂಸಿಗೂ ಯಾವ ಸಂಬಂಧಾನೂ..."

"ನಿನ್ನಿ ಮಧ್ಯಾಹ್ನದಿಂದ ಕೂಸು ಮಿಸುಕಿಲ್ರಿ," ಎಂದಳು ಭಾಗ್ಯಶ್ರೀ.

ದನಿ ಶಾಂತವಾಗಿತ್ತು. ತನಗೆ ಸಂಬಂಧಿಸಿದ ಸುದ್ದಿಯಲ್ಲವೇನೋ ಎಂಬ ಹಾಗೆ. ವರ್ಷಗಳ ಹಿಂದೆ ಮಲ್ಲಿಕಾಳ ದನಿಯೂ ಹೀಗೆಯೇ ಇತ್ತು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ರೀ, ಇವತ್ತ್ಯಾಕೋ ಮಿಸುಕಿಲ್ಲ ಅನಸ್ತೈತಿ. ಅವನು ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿಗೆ ಶರ್ಟು ಹಾಕಿಕೊಳ್ಳುತ್ತಿದ್ದ. ಕೂಸುಗಳೂ ನಿದ್ದೆ ಮಾಡುತ್ತವೆ, ಸಂಜೆ ಬಂದು ಹೋಗೋಣ ಎಂದಿದ್ದ. ಗುಂಡಿ ಹಾಕಿಕೊಳ್ಳುತ್ತಲೇ ಹೇಳಿದ್ದ, ತಲೆ ಎತ್ತಿರಲಿಲ್ಲ. ಸಂಜೆ ಹುಬ್ಬಳ್ಳಿಯ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಎಲ್ಲ ಮುಗಿದ ಮೇಲೆ, ಅವನು ಅವಳಿಗೆ ನೂರಕ್ಕೆ ಇಷ್ಟು ಜನರಿಗೆ ಹೀಗಾಗುತ್ತದೆ, ಇದರಲ್ಲಿ ಯಾರದೂ ತಪ್ಪಿರುವುದಿಲ್ಲ ಎಂದು ವಿವರಿಸಿದ್ದ. ಅವಳು ಕೇಳಿಸಿಕೊಂಡಳು. ಆಮೇಲೆ ಪಕ್ಕದ ಮಂಚದವಳ ಹತ್ತಿರ ಬ್ಲೇಡು ಇಸಿದುಕೊಂಡು ಕೂತು ಉಗುರು ತೆಗೆದುಕೊಂಡಳು, ಹತ್ತೂ ಬೆರಳಿನ ಉಗುರು, ನಿಧಾನ. ಮನೆಗೆ ಬಂದ ಮೇಲೆ ಅವಳು ಬಾಗಿಲಿಗೆ ರಂಗೋಲಿ ಹಾಕಲಿಲ್ಲ. ಪೇಟೆಯಿಂದ ಪ್ಲಾಸ್ಟಿಕ್ಕಿನ ಸ್ಟಿಕರು ತಂದು ಹೊಸ್ತಿಲ ಮುಂದೆ ಅಂಟಿಸಿದಳು. ಅದು ಈಗಲೂ ಇದೆ, ಅಂಚು ಎದ್ದು ಧೂಳು ಹಿಡಿದು. ಊರೆಲ್ಲ ಚೆಲುವು ಹುಡುಕುತ್ತ ಹೊರಡುವವನು ದಿನಾ ಅದನ್ನು ಮೆಟ್ಟಿಯೇ ಹೊರಬೀಳುತ್ತಾನೆ.

"ಮತ್ತ ಆಸ್ಪತ್ರೆಗೆ?" ಎಂದ. ದನಿ ಏರಿತ್ತು. "ಇನ್ನೂ ಯಾಕ ಹೋಗಿಲ್ಲ?"

"ಸಂಜಯ ರಟ್ಟೀಹಳ್ಳಿಗೆ ಹೋಗ್ಯಾನ್ರಿ, ಬೈಕ್ ತಗೊಂಡು," ಎಂದ ಫಕ್ಕೀರಪ್ಪ. ಸಂಜಯ ಅವನ ಮಗ, ಭಾಗ್ಯಶ್ರೀಯ ಗಂಡ. "ಅಲ್ಲೊಬ್ಬ ಮಾಟಾ ತಗಿಯೋ ಅಜ್ಜ ಅದಾನ. ಸಂಜೀಕೆ ಕರಕೊಂಡ ಬರ್ತಾನ. ಯಾರ ಮಾಡ್ಯಾರ ಅಂತ ಅಜ್ಜ ನೋಡಿ ಹೇಳ್ತಾನಂತ."

"ಸಂಜೀತನಾ ಕಾಯಬಾರದು! ಈಗ ಹೋಗಬೇಕು. ಈಗಿಂದೀಗ."

"ನಾನು ಹೋಗಂಗಿಲ್ರಿ," ಎಂದಳು ಭಾಗ್ಯಶ್ರೀ. "ಬಾಗಲಾ ಮುಚ್ಚಿಟ್ಟು ಹೋದ್ರ ಹೊಳ್ಳಿ ಬರಿಗೈಲೆ ಬರ್ತೇನಿ. ಮುಚ್ಚಿದವರ ಕೈಲೆ ತಗಿಸಬೇಕು. ನಮ್ಮವ್ವ ಹಂಗ ಹೇಳ್ಯಾಳ. ಬ್ಯಾರೇದಾವ್ರು ತಗದ್ರ ಬರಂಗಿಲ್ಲ, ನಾ ತಗದ್ರೂ ಬರಂಗಿಲ್ಲ. ಅದಕ್ಕ ಯಾರೂ ಮುಟ್ಟಬಾರದಂತ ಬುಟ್ಟಿ ಮುಚ್ಚಿಟ್ಟೇವಿ."

ಸಂಜೆ ಎಂಬ ಶಬ್ದ ಆ ಕೋಣೆಯಲ್ಲಿ ಒಂದು ಪ್ರಾಣಿಯ ಹಾಗೆ ಕೂತಿತ್ತು. ಸುಮ್ಮನಿದ್ದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಮಂಜು ಅವನ ಪರವಾಗಿತ್ತು. ಅಜ್ಜ ಬಂದು ದಾನವ್ವನ ಹೆಸರನ್ನೋ ಇನ್ನಾವಳ ಹೆಸರನ್ನೋ ಹೇಳುತ್ತಾನೆ. ಅವನು ತನ್ನ ಒದ್ದೆ ಸಾಕ್ಸನ್ನು ನೋಡಿಕೊಂಡ. ಹೆಬ್ಬೆರಳಿನ ಕಡೆ ತೂತಾಗಿತ್ತು.

"ಅದು ನಾನ ರೀ," ಎಂದ.

"ಏನು ನೀವು?"

"ಆ ಗೆರಿ ಕೂಡಿಸಿದ್ದು ನಾನು."

ಫಕ್ಕೀರಪ್ಪನ ಕಣ್ಣು ತುಂಬಿದವು. "ನೋಡ ಸರೋಜಾ, ದೊಡ್ಡ ಮನಸ್ಸ ಅಂದ್ರ ಇದು. ಹುಡುಗಿ ಆಸ್ಪತ್ರೆಗೆ ಹೋಗ್ಲಿ ಅಂತ ತಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತಾರ."

ನಂಬಿಸಬೇಕಾಯಿತು. ಮಫ್ಲರನ್ನು ತಲೆಗೆ ಸುತ್ತಿಕೊಂಡು, ಎಡಗೈಯನ್ನು ಮೊಣಕಾಲಿಗೆ ಊರಿ, ನಡುಮನೆಯ ನೆಲದ ಮೇಲೆ ಅವರೆದುರು ಬಗ್ಗಿ ತೋರಿಸಿದ. ಕ್ಯಾಮೆರಾದಲ್ಲಿ ಬಿದ್ದದ್ದು ಸರೋಜವ್ವನ ಫೋನಿನಲ್ಲೂ ಇತ್ತು. ಅವಳು ಅದನ್ನು ಹಚ್ಚಿ, ನೋಡಿ, ಅವನನ್ನು ನೋಡಿ, ಮತ್ತೆ ಹಚ್ಚಿದಳು. ತನ್ನ ಬೆನ್ನು ಹಾಗೆ ಗೂನಾಗಿದೆಯೆಂದು ಮೃತ್ಯುಂಜಯನಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಏನನ್ನೋ ಹೂಳುತ್ತಿರುವವನ ಹಾಗೆ ಕಾಣುತ್ತಿದ್ದ.

"ಖರೇ ಐತ್ರಿ ಮಾವಾರ," ಎಂದಳು ಭಾಗ್ಯಶ್ರೀ. "ದಿನಾ ನಿಂತು ನೋಡಿ ಹೋಗ್ತಿದ್ರು. ಕಿಡಕ್ಯಾಗಿಂದ ಕಾಣತಿತ್ತು. ಇವರಿಗೆ ಚಲೋ ಅನಸ್ತಿರಬೇಕು ಅನ್ಕೊಂಡಿದ್ನಿ." ತನ್ನ ಬೆರಳ ತುದಿಯನ್ನು ನೋಡಿಕೊಂಡು, "ಅದಕ್ಕ ಇನ್ನಷ್ಟ ಮನಸಿಟ್ಟು ಹಾಕ್ತಿದ್ನಿ," ಎಂದಳು.

ಸರೋಜವ್ವ ಎದ್ದು ಬಂದು ಅವನ ಮುಂದೆ ನಿಂತಳು. "ಯಾಕ್ರಿ? ನಾವೇನ ಮಾಡಿದ್ವಿ ನಿಮಗ?"

"ತಪ್ಪಾಗಿತ್ತು ಅನಿಸ್ತು. ಒಂದ ಕಡೆ ಕೂಡಿರಲಿಲ್ಲ..."

"ಮಕ್ಕಳ ಪೇಪರ ತಿದ್ದಿದಾಂಗ ತಿದ್ದಿ ಹೋದ್ರಿ. ಹೌದಿಲ್ಲೋ? ಯಾರ ಮನಿ ಬಾಗಲಾ ಅಂತ ನೋಡಲಿಲ್ಲ. ಒಂದ ಮಾತ ಕೇಳಬೇಕಂತ ತಿಳೀಲಿಲ್ಲ." ಬೈಗುಳ ಇದಕ್ಕಿಂತ ಹಗುರಾಗಿರುತ್ತಿತ್ತು. ಅವಳು ಕದದ ಕಡೆ ತಿರುಗಿ ಅಗಳಿ ತೆಗೆದಳು. "ಆತು. ನಡೀರಿ. ನೀವ ಮುಚ್ಚೀರಿ, ನೀವ ತಗೀರಿ. ಆಕಿ ಅದನ್ನ ದಾಟಿ ಹೋಗ್ತಾಳ. ರೀ, ನೀವು ಉಸ್ಮಾನಸಾಬನ ಮಗಗ ಆಟೋ ತರಾಕ ಹೇಳ್ರಿ. ಲಗೂನ."

ಮುಂಬಾಗಿಲು ತೆರೆದಾಗ ಓಣಿಯಲ್ಲಿ ಜನ ಕೂಡಿದ್ದರು. ಹೇಗೆ ಗೊತ್ತಾಯಿತೋ. ಕನಕಪ್ಪ ಕಟ್ಟೆಯ ಮೇಲೆ ಹತ್ತಿ ನಿಂತಿದ್ದ. ದಾನವ್ವ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಎರಡು ಮೂರು ಫೋನುಗಳು ಮೇಲೆದ್ದವು. ಮೃತ್ಯುಂಜಯ ಬೂಟಿಲ್ಲದೆ, ಸಾಕ್ಸಿನ ಕಾಲಲ್ಲೇ ಹೊಸ್ತಿಲು ದಾಟಿ, ಕಲ್ಲು ಸರಿಸಿ, ಬುಟ್ಟಿ ಎತ್ತಿದ. ಕೆಳಗೆ ಅದು ಹಾಗೆಯೇ ಇತ್ತು. ಎರಡು ದಿನದ ಗಾಳಿ, ಮಂಜು, ಕೋಳಿಕಾಲು ಯಾವುದೂ ಮುಟ್ಟಿರಲಿಲ್ಲ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅದನ್ನು ನೋಡಲು ಅವನಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ. ಎಷ್ಟು ಚೆಂದ ಎಂದು ಮನಸ್ಸು ತನ್ನಷ್ಟಕ್ಕೆ ಅಂದಿತು, ನಾಚಿಕೆಯಿಲ್ಲದೆ. ಬಗ್ಗಿ ಕೂತ. ಬೆರಳು ಚಾಚಿದ. ಆಗ ತಿಳಿಯಿತು, ತಾನು ಕೂಡಿಸಿದ ಜಾಗ ಯಾವುದೆಂದು ತನಗೆ ಕಾಣುತ್ತಿಲ್ಲ.

ಆರು ಮೂಲೆ. ಆರೂ ಮೂಲೆಯಲ್ಲಿ ಒಂದೇ ಥರದ ಬಾಗು. ಬಾಗಿಲಿನ ಕಡೆಯ ಮೂಲೆಯಾಗಿರಬೇಕು. ಮೊನ್ನೆ ಅವನು ಓಣಿಯ ಕಡೆಯಿಂದ ಬಗ್ಗಿದ್ದ, ಬಾಗಿಲ ತನಕ ಕೈ ಮುಟ್ಟುತ್ತಿರಲಿಲ್ಲ, ಹಾಗಾದರೆ ಓಣಿಯ ಕಡೆಯದು. ಓಣಿಯ ಕಡೆಯವು ಎರಡು. ಬಲಗೈಯಲ್ಲಿ ಪುಡಿಯಿತ್ತು, ಆದರೆ ಯಾವ ಬದಿಗೆ ನಿಂತಿದ್ದೆ? ಕಣ್ಣಿನಿಂದ ಗೆರೆಯ ಮೇಲೆ ನಡೆದ. ಎಲ್ಲೂ ಕಾಲು ತೊಡರಲಿಲ್ಲ. ಹೊರಟಲ್ಲಿಗೇ ಬಂದು ಸೇರಿದ. ಮತ್ತೊಮ್ಮೆ ನಡೆದ. ಇಷ್ಟು ವರ್ಷದಲ್ಲಿ ಅವನ ಕೈ ಇಷ್ಟು ನಿರ್ದೋಷವಾದ ಕೆಲಸ ಇನ್ನೊಂದು ಮಾಡಿರಲಿಲ್ಲ.

"ಯಾಕ ಸರ್, ಮಂತ್ರ ಮರತ್ರೇನು?" ಯಾರೋ ಅಂದರು. ಕನಕಪ್ಪನೇ ಇರಬೇಕು. ನಗೆ ಕೇಳಿಸಿತು.

ಅವನು ತಲೆ ಎತ್ತಿದ. ಸರೋಜವ್ವನ ತೋಳು ಹಿಡಿದು ಭಾಗ್ಯಶ್ರೀ ಹೊಸ್ತಿಲ ಒಳಗೆ ನಿಂತಿದ್ದಳು. "ಯವ್ವಾ," ಎಂದ, ಆದಷ್ಟು ಮೆಲ್ಲಗೆ, "ಎಲ್ಲಿ ಬಿಟ್ಟಿದ್ದಿ ನೀನು?"

"ದಿನಾ ಒಂದೊಂದ ಕಡೆ ಬಿಡತಿದ್ನಿ. ಮೊನ್ನೀದು ನನಗ ಹ್ಯಾಂಗ ನೆಂಪಿರ್ತೈತ್ರಿ?" ಅವಳ ಮುಖದಲ್ಲಿ ಏನೋ ಸರಿದಂತಾಯಿತು. "ನೀವ ಮುಚ್ಚೀರಲ್ಲ. ನಿಮಗ ಗೊತ್ತಿಲ್ಲೇನು?"

ಆಟೋ ಬಂದು ನಿಂತಿತ್ತು. ಅದರ ಸದ್ದಿಗೆ ಓಣಿ ನಡುಗುತ್ತಿತ್ತು. ಅವಳ ಕೈ ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ, ಕದಕ್ಕೆ ಕಿವಿಯಿಟ್ಟವರ ಹಾಗೆ ಇತ್ತು. ಗೊತ್ತಿಲ್ಲ ಎಂದರೆ ಅವಳು ಒಳಗೆ ಹೋಗಿ ಗೋಡೆಗೆ ಒರಗುತ್ತಾಳೆ, ಸಂಜೆಯ ತನಕ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಅವನು ಸಾವಿರ ಹುಡುಗರಿಗೆ ಹೇಳಿಕೊಟ್ಟಿದ್ದ.

"ಗೊತ್ತೈತಿ," ಎಂದ. "ಇಲ್ಲೇ." ಓಣಿಯ ಕಡೆಯ ಎಡಮೂಲೆಗೆ ಬೆರಳು ಒತ್ತಿ, ಗೆರೆಯನ್ನು ಒರೆಸಿದ. ಬೆರಳಿನಷ್ಟು ನೆಲ ಕಂಡಿತು.

ಭಾಗ್ಯಶ್ರೀ ಆ ಜಾಗವನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಅವನಿಗೆ ಅನ್ನಿಸಿತು, ನಿಜಕ್ಕೂ ಒಂದು ಉಸಿರಿನಷ್ಟು ಇರಬಹುದು. ಆಮೇಲೆ ಬಲಗಾಲು ಮುಂದಿಟ್ಟು, ಹೊಸ್ತಿಲು ದಾಟಿ, ರಂಗೋಲಿಯ ಮೇಲೆ ಕಾಲಿಡದೆ, ಅವನು ತೆರೆದ ಖಾಲಿಯ ಮೇಲೆ ದಾಟಿ ಹೋಗಿ ಆಟೋದಲ್ಲಿ ಕೂತಳು. ಫಕ್ಕೀರಪ್ಪ ಪಕ್ಕಕ್ಕೆ ಹತ್ತಿದ. ಆಟೋ ತಾಲ್ಲೂಕು ಆಸ್ಪತ್ರೆಯ ಕಡೆ ಹೊರಳಿತು.

ಜನ ಕರಗಿದರು. ಹೋಗುವಾಗ ಯಾರೂ ಅವನಿಗೆ ಬರ್ತೇವ್ರಿ ಸರ್ ಎನ್ನಲಿಲ್ಲ. ದಾರಿ ಕೊಂಚ ಅಗಲ ಬಿಟ್ಟೇ ಹೋದರು. ದಾನವ್ವ ಮಾತ್ರ ಒಂದು ಗಳಿಗೆ ನಿಂತು, ಗಡಿಗೆಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು ನಡೆದಳು. ಮೃತ್ಯುಂಜಯ ಏಳಲು ನೋಡಿದರೆ ಕಾಲು ಜೋಮು ಹಿಡಿದಿತ್ತು. ಕಟ್ಟೆಯ ಮೇಲೆ ಕೂತ. ಸರೋಜವ್ವ ಒಳಗಿಂದ ಚಹಾ ತಂದು, ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. "ಕುಡೀರಿ," ಎಂದಳು, ಸರ್ ಎನ್ನಲಿಲ್ಲ. ಚಹಾ ಸಿಹಿಯಾಗಿತ್ತು. ಕುಡಿದ. ಹೊತ್ತು ಎಷ್ಟು ಹೋಯಿತೋ, ಎದುರಿನ ಮಾಡಿನ ಅಂಚು ದಾಟಿ ಬಿಸಿಲು ಅಂಗಳಕ್ಕೆ ಇಳಿಯಿತು. ಓರೆಯಾಗಿ, ನೆಲವನ್ನು ಸವರಿಕೊಂಡು ಬರುವ ಬಿಸಿಲು. ಅಂಥ ಬೆಳಕಿನಲ್ಲಿ ಸಪಾಟು ಎಂದುಕೊಂಡದ್ದಕ್ಕೆಲ್ಲ ನೆರಳು ಹುಟ್ಟುತ್ತದೆ. ಗೆರೆಗೆ ದಪ್ಪ ಬಂತು, ಚುಕ್ಕಿಗಳಿಗೆ ಬೆನ್ನು ಬಂತು. ಬಲಮೂಲೆಯ ಬಾಗಿನಲ್ಲಿ ಒಂದು ಬೆರಳಿನಷ್ಟು ಜಾಗ ಉಳಿದ ಗೆರೆಗಿಂತ ಕೂದಲೆಳೆಯಷ್ಟು ಎತ್ತರವಾಗಿ, ಅಂಚಿನಿಂದ ಚಿವುಟಿದ ಪುಡಿಯ ಜತೆ ಸೇರಿದ ಮಣ್ಣಿನಿಂದ ತುಸು ಮಾಸಲಾಗಿ, ಕಂಡಿತು. ಬಲಮೂಲೆ. ಅವನು ತೆರೆದದ್ದು ಎಡಮೂಲೆ. ಅವನು ಕೂಡಿಸಿದ ಗೆರೆ ಕೂಡಿಸಿದ ಹಾಗೆಯೇ ಇತ್ತು.

ಏನಾಯಿತೀಗ, ಎಂದುಕೊಂಡ. ಪುಡಿ. ಅವಳು ಆಸ್ಪತ್ರೆ ಸೇರಿದಳು, ಬೇಕಾದದ್ದು ಅದು. ಉಳಿದದ್ದು ಪುಡಿ. ಸರೋಜವ್ವ ಕಸಬರಿಗೆ ಹಿಡಿದು ಹೊರಗೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗಡೆಯಿಂದ ಗುಡಿಸಲು ಬಗ್ಗಿದಳು. ಕಸಬರಿಗೆಯ ತುದಿ ಮೊದಲ ಚುಕ್ಕಿಗೆ ತಾಗಿತು. ಇನ್ನೊಂದು ಸಲ ಕೈ ಬೀಸಿದರೆ ತೆರೆದದ್ದೂ ಮುಚ್ಚಿದ್ದೂ ಒಂದೇ ಆಗುತ್ತಿತ್ತು, ಯಾವ ಬಿಸಿಲಿಗೂ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

"ತಡೀರಿ!" ಯಾರೋ ಕೂಗಿದರು. "ಗುಡಿಸಬ್ಯಾಡ್ರಿ!"

ಕೂಗಿದ್ದು ತಾನೇ ಎಂದು ಅವನಿಗೆ ತಿಳಿದದ್ದು ಆಮೇಲೆ. ಕಟ್ಟೆಯಿಂದ ಇಳಿದು ಕೈ ಅಡ್ಡ ಚಾಚಿ ನಿಂತಿದ್ದ. ಕಸಬರಿಗೆ ನಿಂತಿತು. ಸರೋಜವ್ವ ಬಗ್ಗಿದಲ್ಲಿಂದಲೇ ಮುಖ ಎತ್ತಿ ಅವನನ್ನು ನೋಡಿದಳು. ಆಮೇಲೆ ಅವನ ಕಣ್ಣು ಎಲ್ಲಿ ನೆಟ್ಟಿದೆಯೋ ಆ ಮೂಲೆಯನ್ನು. ಆಮೇಲೆ ಮತ್ತೆ ಅವನನ್ನು.

"ಯಾಕ್ರಿ?" ಎಂದಳು.

ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ರಿಂಗಾಗತೊಡಗಿತು. ತೆಗೆದು ನೋಡಿದಳು. "ನಮ್ಮವರು," ಎಂದಳು, "ಆಸ್ಪತ್ರೆಯಿಂದ." ಬೆರಳು ಹಸಿರು ಗುರುತಿನ ತನಕ ಹೋಗಿ ಅಲ್ಲೇ ನಿಂತಿತು. ಫೋನು ಅಂಗೈಯಲ್ಲಿ ನಡುಗುತ್ತಲೇ ಇತ್ತು.

"ತಗೋರಿ ಅಕ್ಕಾರ, ಮಾತಾಡ್ರಿ," ಎಂದ ಮೃತ್ಯುಂಜಯ.

ಸರೋಜವ್ವ ತೆಗೆದುಕೊಳ್ಳಲಿಲ್ಲ.

"ಮದಲ ನೀವು ಹೇಳ್ರಿ," ಎಂದಳು.